ಚುಕ್ಕಿಯ ಲೆಕ್ಕ

ಸಂಜೆ ಏಳೂವರೆ. ತೀರ್ಥಹಳ್ಳಿಯಿಂದ ಆಗುಂಬೆ ರಸ್ತೆ ಹಿಡಿದು ಒಳಗೆ ತಿರುಗಿದರೆ ಸಿಗುವ ನಮ್ಮ ದೊಡ್ಡಪ್ಪನ ಮನೆ. ಅಂಗಳದ ಚಪ್ಪರದಡಿ ಹಸಿ ಅಡಿಕೆ ಮಂಡಿಯೆತ್ತರಕ್ಕೆ ರಾಶಿ ಬಿದ್ದಿದೆ. ಬಲ್ಬಿನ ಸುತ್ತ ಹುಳ. ಹದಿನೆಂಟು ಹೆಂಗಸರು ಮೆಟ್ಟುಗತ್ತಿಯ ಮೇಲೆ ಕಾಲೂರಿ ಕೂತು ಅಡಿಕೆ ಸುಲಿಯುತ್ತಿದ್ದಾರೆ. ಕಾಯಿ ಕತ್ತಿಗೆ ತಾಗುತ್ತದೆ, ಮಣಿಕಟ್ಟು ಒಮ್ಮೆ ತಿರುಗುತ್ತದೆ, ಸಿಪ್ಪೆ ಹಿಂದಕ್ಕೆ, ಬೇಳೆ ಮುಂದಿನ ಬುಟ್ಟಿಗೆ. ಮಾತು ನಿಂತರೂ ಆ ಸದ್ದು ನಿಲ್ಲುವುದಿಲ್ಲ. ಹಿತ್ತಲ ಕಡೆಯಿಂದ ಹಂಡೆಯಲ್ಲಿ ಬೇಯುವ ಅಡಿಕೆಯ ಒಗರು ವಾಸನೆ ಬರುತ್ತಿದೆ.

ಜಗುಲಿಯ ಕಂಬಕ್ಕೊರಗಿ ದೊಡ್ಡಮ್ಮ ಕೂತಿದ್ದಾರೆ. ತೊಡೆಯ ಮೇಲೆ ಉದ್ದನೆಯ ಲೆಕ್ಕದ ಪುಸ್ತಕ, ಅದರ ಬೆನ್ನಿಗೆ ದಾರ ಕಟ್ಟಿ ತೂಗಿಬಿಟ್ಟ ಪೆನ್ನು. ಅವರ ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು ಕೂತಿರುವವಳು ಸಾಗರದಿಂದ ಮಧ್ಯಾಹ್ನದ ಬಸ್ಸಿಗೆ ಬಂದ ಹುಡುಗಿ. ನಮಗೊಂದು ಆ್ಯಪ್ ಮಾಡಿಕೊಡಲು ಬಂದವಳು. ಲ್ಯಾಪ್‌ಟಾಪು ಬ್ಯಾಗಿನೊಳಗೇ ಇದೆ. ಬಂದು ನಾಲ್ಕು ತಾಸಾಯಿತು, ಅದನ್ನು ಹೊರಗೆ ತೆಗೆದಿಲ್ಲ.

ದೊಡ್ಡಪ್ಪನಿಗೆ ಅದೇ ಯೋಚನೆ. ನನ್ನನ್ನು ಒಳಗೆ ಕರೆದು ಮೆಲ್ಲಗೆ ಕೇಳಿದರು, "ಅಲ್ಲ, ಈ ಕೂಸು ಕೆಲ್ಸ ಯಾವಾಗ ಶುರು ಮಾಡ್ತದೆ ಮಾರಾಯ?"

ದೊಡ್ಡಪ್ಪನದು ಚೇಣಿ ವ್ಯವಹಾರ. ತೋಟದವರಿಂದ ಫಸಲು ಹಿಡಿದು, ಕೊನೆ ತೆಗೆಸಿ, ಹಸಿ ಅಡಿಕೆ ತೂಗಿ, ಸುಲಿಸಿ ಬೇಯಿಸಿ ಒಣಗಿಸಿ, ಕೊನೆಗೆ ತೋಟದವರಿಗೆ ಮಾತಾದಷ್ಟು ಒಣ ಅಡಿಕೆ ಕೊಡುವುದು. ಒಂದು ಕ್ವಿಂಟಾಲ್ ಹಸಿಗೆ 12, 13 ಕೆ.ಜಿ. ಆಸುಪಾಸಿನ ಮಾತು. ತೋಟ ಬದಲಾದರೆ ಮಾತೂ ಬದಲಾಗುತ್ತದೆ. ದೀಪಾವಳಿಯ ಸುಮಾರಿಗೆ ಶುರುವಾದರೆ ಶಿವರಾತ್ರಿ ಹತ್ತಿರದ ತನಕ ಮನೆಗೆ ನಿದ್ದೆ ಇಲ್ಲ. ತೋಟದವರ ಲೆಕ್ಕ, ಕೊನೆಗಾರನ ಲೆಕ್ಕ, ಗಾಡಿಯ ಲೆಕ್ಕ, ಎಲ್ಲಕ್ಕಿಂತ ಸೂಕ್ಷ್ಮವಾದ ಸುಲಿಗೆಯ ಲೆಕ್ಕ. ಇಷ್ಟನ್ನೂ ಮೂವತ್ತು ವರ್ಷದಿಂದ ಬರೆದಿರುವುದು ದೊಡ್ಡಮ್ಮ. ಅವರ ಕಣ್ಣಿಗೆ ಪೊರೆ ಬರತೊಡಗಿದ ಮೇಲೆ ನಾನೇ ಹಟ ಹಿಡಿದು ಹೇಳಿದ್ದೆ, ಇದನ್ನು ಫೋನಿಗೆ ತರೋಣ ಎಂದು.

ಈ ಹುಡುಗಿ ಎರಡನೆಯವಳು. ಮೊದಲು ಕೆಲಸ ಒಪ್ಪಿಕೊಂಡವನನ್ನು ಹಿಂದಿನ ವರ್ಷ ನಾನು ಬೆಂಗಳೂರಿನಲ್ಲಿ ಕೂತು ಆನ್‌ಲೈನಿನಲ್ಲೇ ಹುಡುಕಿದ್ದೆ. ಎರಡು ವಿಡಿಯೊ ಕಾಲ್, ಎರಡರಲ್ಲೂ ಮಾತಾಡಿದ್ದು ನಾನು ಮತ್ತು ದೊಡ್ಡಪ್ಪ. ಹತ್ತೇ ದಿನಕ್ಕೆ ಆ್ಯಪ್ ಬಂತು. ತೆರೆದ ಕೂಡಲೇ ಬಣ್ಣಬಣ್ಣದ ಗ್ರಾಫು, ಈ ವಾರ ಎಷ್ಟು, ಕಳೆದ ವಾರ ಎಷ್ಟು. ನೋಡಿ ನಮಗೆಲ್ಲ ಖುಷಿಯಾಗಿತ್ತು. ಮೂರನೇ ವಾರಕ್ಕೆ ಸುಲಿಯುವವರಲ್ಲಿ ಗುಸುಗುಸು ಎದ್ದಿತು. ಲೆಕ್ಕ ಸರಿ ಬರುತ್ತಿಲ್ಲ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಮ್ಮಿ. ಅವನನ್ನು ಕೇಳಿದರೆ ನೀವು ಅಂಕಿ ತಪ್ಪು ಹಾಕುತ್ತಿದ್ದೀರಿ ಎಂದ. ಅಂಕಿ ಹಾಕುತ್ತಿದ್ದ ನಮ್ಮ ಕೆಲಸದ ಹುಡುಗ ಅಳುಮೋರೆ ಮಾಡಿಕೊಂಡ. ದೊಡ್ಡಮ್ಮ "ಪುಸ್ತಕದಲ್ಲಿ ಸರಿ ಇದೆ" ಎಂದಷ್ಟೇ ಹೇಳಿ ಮತ್ತೆ ಪೆನ್ನು ಹಿಡಿದರು. ಆಮೇಲೆ ಗೊತ್ತಾಯಿತು, ಆ್ಯಪ್ ಇದ್ದದ್ದು ಅದನ್ನು ಮಾಡಿದವನ ಖಾತೆಯಲ್ಲಿ. ಅವನು ಫೋನ್ ಎತ್ತುವುದು ನಿಲ್ಲಿಸಿದ ದಿನ ಅದರಲ್ಲಿ ಒಂದಕ್ಷರ ತಿದ್ದುವ ದಾರಿಯೂ ನಮಗೆ ಉಳಿಯಲಿಲ್ಲ.

ಆತ ಕೆಟ್ಟವನೆಂದು ನಾನು ಹೇಳಲಾರೆ. ನಾವೇ ಅವನಿಗೆ ಅಂಗಳ ತೋರಿಸಿರಲಿಲ್ಲ.

ಈ ಹುಡುಗಿಯದು 'ನೋ-ಕೋಡ್' ಕೆಲಸ. ಕೋಡ್ ಬರೆಯದೆ ಸಾಫ್ಟ್‌ವೇರ್ ಮಾಡುವ ಆಸೆ ಹೊಸದೇನಲ್ಲ. 1979ರಲ್ಲಿ ವಿಸಿಕ್ಯಾಲ್ಕ್ ಎಂಬ, ಪರ್ಸನಲ್ ಕಂಪ್ಯೂಟರಿನ ಮೊದಲ ಸ್ಪ್ರೆಡ್‌ಶೀಟು ಬಂದಾಗಲೇ ಲೆಕ್ಕಿಗರು ಪ್ರೋಗ್ರಾಮರನ ಹಂಗಿಲ್ಲದೆ ತಮ್ಮ ಲೆಕ್ಕ ತಾವೇ ಕಟ್ಟಿಕೊಳ್ಳತೊಡಗಿದ್ದರು. ಎಂಬತ್ತರ ದಶಕದ ಆರಂಭದಲ್ಲಿ ಜೇಮ್ಸ್ ಮಾರ್ಟಿನ್ ಪ್ರೋಗ್ರಾಮರುಗಳಿಲ್ಲದ ತಂತ್ರಾಂಶ ತಯಾರಿಕೆಯ ಬಗ್ಗೆ ಪುಸ್ತಕವನ್ನೇ ಬರೆದ. ಚೆನ್ನೈನ ಜೋಹೊ ಕಂಪನಿಯ ಕ್ರಿಯೇಟರ್ 2006ರದ್ದು. 'ಲೋ-ಕೋಡ್' ಎಂಬ ಹೆಸರನ್ನು ಫಾರೆಸ್ಟರ್ ಸಂಸ್ಥೆ ಚಲಾವಣೆಗೆ ತಂದದ್ದು 2014ರಲ್ಲಿ. ಈ ಹುಡುಗಿ ಬಳಸುವ ಆ್ಯಪ್‌ಶೀಟನ್ನು ಗೂಗಲ್ 2020ರ ಜನವರಿಯಲ್ಲಿ ಕೊಂಡುಕೊಂಡಿತು. ಗೂಗಲ್ ಶೀಟಿನಲ್ಲಿ ಕಾಲಮ್ಮು ಹಾಕಿ ಇಟ್ಟರೆ ಅದರ ಮೇಲೆ ಫೋನಿಗೊಪ್ಪುವ ಪರದೆಯನ್ನು ಅದು ಕಟ್ಟಿಕೊಡುತ್ತದೆ. ಕೆಳಗಿರುವುದು ನಮ್ಮದೇ ಪುಸ್ತಕದಂಥ ಅಡ್ಡ ಸಾಲು, ಉದ್ದ ಸಾಲು. ಹೀಗಾಗಿ ಕೈಕೆಲಸ ನಿಜಕ್ಕೂ ಕಮ್ಮಿಯಾಗಿದೆ. ಆದರೆ ಯಾವ ಕಾಲಮ್ಮು ಬೇಕು ಎಂಬುದನ್ನು ಯಾವ ಸಲಕರಣೆಯೂ ಹೇಳಿಕೊಡುವುದಿಲ್ಲ. ಅದನ್ನು ಯಾರಾದರೂ ಬಂದು ಕೂತು ಕೇಳಬೇಕು.

ಆಕೆಯನ್ನು ಆರಿಸಿದ್ದು ಸರ್ಟಿಫಿಕೇಟು ನೋಡಿ ಅಲ್ಲ. ಬಿ.ಕಾಂ. ಓದಿದವಳು, ತೆರಿಗೆ ಲೆಕ್ಕದ ಆಫೀಸಿನಲ್ಲಿ ಮೂರು ವರ್ಷ ದುಡಿದು, ಅಲ್ಲಿಯ ಶೀಟುಗಳಿಂದಲೇ ಈ ವಿದ್ಯೆ ಕಲಿತವಳು. ಹಿಂದೆ ಮಾಡಿದ್ದೇನಾದರೂ ಇದೆಯಾ ಎಂದಾಗ ಶಾಮಿಯಾನ ಮತ್ತು ಪಾತ್ರೆ ಬಾಡಿಗೆಗೆ ಕೊಡುವ ಒಬ್ಬರ ನಂಬರು ಕೊಟ್ಟಳು. ಫೋನ್ ಮಾಡಿದೆ. ಅವರು ಹೇಳಿದ್ದು ಒಂದೇ ಮಾತು: "ಆ್ಯಪ್ ವಿಷ್ಯ ನಂಗೆ ಅಷ್ಟು ತಿಳಿಯಲ್ಲ ಸಾರ್. ಆದ್ರೆ ಆ ಹುಡುಗಿ ಮೊದ್ಲ ದಿನ ನಮ್ ಗೋಡೌನಿಗೆ ಬಂದು, ಮದ್ವೆ ಮನೆಯಿಂದ ವಾಪಸ್ ಬಂದ ಸೌಟು ಎಣಿಸ್ತಾ ಕೂತಿದ್ಲು." ನನಗೆ ಅಷ್ಟು ಸಾಕಾಯಿತು. ಆದರೂ ಈ ಸಲ ಇಡೀ ವ್ಯವಹಾರವನ್ನು ಒಮ್ಮೆಲೇ ಹೊರಿಸಲಿಲ್ಲ. ಮೊದಲು ಸುಲಿಗೆಯ ಲೆಕ್ಕ ಮಾತ್ರ, ಹತ್ತು ದಿನ, ಅದಕ್ಕೆ ಬೇರೆ ಸಂಬಳ. ಹಿಡಿಸಿದರೆ ಮುಂದಿನದು.

ಎಂಟು ಗಂಟೆ ಹೊತ್ತಿಗೆ ಚಹಾ ಬಂತು. ಲೋಟ ಕೆಳಗಿಟ್ಟು ಹುಡುಗಿ ಪುಸ್ತಕದ ಮೇಲೆ ಬಾಗಿದಳು.

"ದೊಡ್ಡಮ್ಮಾ, ಇದೆಂತ ಚುಕ್ಕಿ?"

ನಾನೂ ಬಾಗಿ ನೋಡಿದೆ. ಹೆಸರಿನ ಮುಂದೆ 4. ಅದರ ತಲೆಯ ಮೇಲೆ, ಬಲಕ್ಕೆ, ಪೆನ್ನಿನ ಮೊನೆ ಒತ್ತಿ ಎತ್ತಿದಂತೆ ಒಂದು ಚುಕ್ಕಿ. ಕೆಳಗಿನ ಸಾಲಿನಲ್ಲಿ 3, ಚುಕ್ಕಿ ಇಲ್ಲ. ಮತ್ತೊಂದರಲ್ಲಿ 5, ಚುಕ್ಕಿ ಇದೆ. ಚಿಕ್ಕಂದಿನಿಂದ ಈ ಪುಸ್ತಕ ನೋಡಿದ್ದೇನೆ. ಚುಕ್ಕಿ ಒಮ್ಮೆಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಅದಾ? ಅರ್ಧ ಡಬ್ಬ ತಂಗೀ." ದೊಡ್ಡಮ್ಮ ಇದರಲ್ಲಿ ಕೇಳುವುದೇನಿದೆ ಎಂಬಂತೆ ಹೇಳಿದರು. "ರಾತ್ರಿ ಏಳುವಾಗ ಡಬ್ಬ ತುಂಬಿರದಿದ್ರೆ ಅಳೆದು ಒಂದು ಚುಕ್ಕಿ ಇಡೋದು. ಎರಡು ಚುಕ್ಕಿ ಸೇರಿದ್ರೆ ಒಂದು ಡಬ್ಬ. ಜಾತ್ರೆಗೆ ಮುಂಚೆ ಲೆಕ್ಕ ಮಾಡೋ ದಿನ ಕೂಡ್ಸಿ ಕೊಡ್ತೇನೆ."

ಸುಲಿಗೆಗೆ ಕೂಲಿ ಡಬ್ಬದ ಲೆಕ್ಕದಲ್ಲಿ. ಅಗಲ ಬಾಯಿಯ ಹಳೇ ತಗಡಿನ ಡಬ್ಬ, ಅಂಚು ನೆಗ್ಗಿಹೋಗಿದೆ, ಒಳಗೆ ಅರ್ಧಕ್ಕೆ ಸರಿಯಾಗಿ ಮೊಳೆಯಲ್ಲಿ ಗೀರಿದ ಒಂದು ಗೆರೆ. ಮೊದಲಿನ ಆ್ಯಪ್ ಪೂರ್ಣ ಅಂಕಿ ಮಾತ್ರ ತೆಗೆದುಕೊಳ್ಳುತ್ತಿತ್ತು. ಕೆಲಸದ ಹುಡುಗ 4 ನೋಡಿ 4 ಒತ್ತಿದ್ದ, 5 ನೋಡಿ 5. ಚುಕ್ಕಿ ಯಾರಿಗೂ ಲೆಕ್ಕಕ್ಕಿರಲಿಲ್ಲ.

ಹುಡುಗಿ ಹಿಂದಿನ ವರ್ಷದ ಪುಸ್ತಕ ತರಿಸಿದಳು. ಒಬ್ಬಾಕೆಯ ಹೆಸರು ಹಿಡಿದು, ಹಾಳೆ ಮಗುಚುತ್ತ, ಬೆರಳಲ್ಲಿ ಎಣಿಸಿದಳು. 17 ಚುಕ್ಕಿ. ಎಂಟೂವರೆ ಡಬ್ಬ. ಎರಡು ರಾತ್ರಿಯ ದುಡಿಮೆ ಆ ಬಣ್ಣದ ಗ್ರಾಫಿನೊಳಗೆ ಬಾರದೇ ಹೋಗಿತ್ತು. ಪುಸ್ತಕ ಇದ್ದುದರಿಂದ ಆಕೆಯ ದುಡ್ಡು ಉಳಿಯಿತು, ಇಲ್ಲದಿದ್ದರೆ ಇಲ್ಲ. ನನಗೆ ಎದೆ ಭಾರವಾಯಿತು. ಎದುರಿಗೆ ಅದೇ ಹೆಂಗಸು ತಲೆ ತಗ್ಗಿಸಿ ಸುಲಿಯುತ್ತಿದ್ದಳು.

ಆ ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪು ತೆರೆಯಿತು. ಮುಂದಿನ ದಿನಗಳಲ್ಲಿ ನಾನು ಕಂಡದ್ದು ಬಹುಪಾಲು ಪ್ರಶ್ನೆಗಳು. ಒಂದೇ ಹೆಸರಿನ ಇಬ್ಬರು ಇದ್ದಾರಲ್ಲ, ಅವರನ್ನು ಹೇಗೆ ಗುರುತಿಸುತ್ತೀರಿ? ಕೆರೆಮನೆಯಾಕೆ, ಮೇಲಿನಕೇರಿಯಾಕೆ. ಮೊದಲಿನವನು ಹೆಸರನ್ನೇ ಗುರುತು ಮಾಡಿಟ್ಟಿದ್ದರಿಂದ ಅವರಿಬ್ಬರ ಲೆಕ್ಕ ಒಂದಕ್ಕೊಂದು ಕಲಸಿಹೋಗಿತ್ತು. ಇವಳು ಪ್ರತಿ ಹೆಂಗಸಿಗೂ ಎಂದೂ ಬದಲಾಗದ ಗುರುತಿನ ಸಂಖ್ಯೆಯೊಂದನ್ನು ಒಳಗಿಟ್ಟು, ಪರದೆಯ ಮೇಲೆ ಫೋಟೊ ಮತ್ತು ಮನೆಯ ಹೆಸರು ಬರುವಂತೆ ಮಾಡಿದಳು. ಅತ್ತೆಯ ಜೊತೆ ಬರುವ ಸೊಸೆಯ ಸುಲಿಗೆ ಯಾರ ಹೆಸರಿಗೆ? ಇಷ್ಟು ವರ್ಷ ಅತ್ತೆಯ ಹೆಸರಿಗೇ ಬರೆಯುತ್ತಿದ್ದೆವು. ಹುಡುಗಿ ಇದನ್ನು ತಾನಾಗಿ ತೀರ್ಮಾನಿಸಲಿಲ್ಲ. "ನೀವೇ ಅವ್ರನ್ನ ಕೇಳಿ ದೊಡ್ಡಮ್ಮ, ನಾನು ಬೇಕಾದ ಹಾಗೆ ಇಟ್ಕೊಡ್ತೇನೆ" ಎಂದಳು. ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಅಡಿಕೆಯ ಮೇಲಿಂದ ಕಣ್ಣೆತ್ತದೆ, "ಅವಳ್ದು ಅವಳಿಗೇ ಬರೀರಿ, ಈಗ ಅವಳೂ ಖಾತೆ ಮಾಡ್ಸಿದ್ದಾಳೆ" ಅಂದಳು.

ಮೂರನೇ ಸಂಜೆ ಮೊದಲ ಪರದೆ ಸಿದ್ಧವಾಯಿತು. ಸುಲಿಯುವವರಲ್ಲೇ ಹಿರಿಯಾಕೆಯ ಕೈಗೆ ಫೋನು ಕೊಟ್ಟು, ನಿಮ್ಮ ಡಬ್ಬ ನೀವೇ ಒತ್ತಿ ನೋಡಿ ಎಂದಳು. ಹಸಿ ಅಡಿಕೆ ಸುಲಿದ ಕೈ ಹೇಗಿರುತ್ತದೆಂದು ನೋಡಿದವರಿಗೆ ಗೊತ್ತು. ಬೆರಳ ತುದಿ ಕಪ್ಪು, ಉಗುರಿನ ಸಂದಿಯೆಲ್ಲ ಕರೆ, ಹೆಬ್ಬೆರಳಿಗೆ ಸುತ್ತಿದ ಬಟ್ಟೆಯ ಚಿಂದಿ. ಆಕೆ ಒತ್ತಿದರು. ಅಂಕಿ ಮೂಡಲಿಲ್ಲ. ಮತ್ತೊಮ್ಮೆ ಒತ್ತಿದರು, ಪಕ್ಕದ ಅಂಕಿ ಮೂಡಿತು. ಸೆರಗಿಗೆ ಬೆರಳೊರೆಸಿ ಮೂರನೇ ಸಲ ಒತ್ತುವಾಗ ಕೈ ಸಣ್ಣಗೆ ನಡುಗಿತು, ಎಲ್ಲರೂ ನೋಡುತ್ತಿದ್ದರಲ್ಲ. ಹುಡುಗಿ ಫೋನನ್ನು ಮೆಲ್ಲಗೆ ವಾಪಸ್ ತೆಗೆದುಕೊಂಡಳು. "ತಪ್ಪು ನಿಮ್ಮ ಬೆರಳಿಂದಲ್ಲ ಅಮ್ಮಾ, ನಾನು ಗುಂಡಿ ಚಿಕ್ಕದು ಮಾಡಿದ್ದೆ." ಅಂಕಿ ಟೈಪು ಮಾಡುವ ಜಾಗವನ್ನು ಅಲ್ಲೇ ತೆಗೆದುಹಾಕಿದಳು. ಬದಲಿಗೆ ಎರಡೇ ಗುಂಡಿ, ಎಡಕ್ಕೆ 'ಡಬ್ಬ', ಬಲಕ್ಕೆ ಒಂದು ದೊಡ್ಡ ಕಪ್ಪು ಚುಕ್ಕಿ. ಸಲಕರಣೆಯಲ್ಲಿ ಇದಕ್ಕೆ ಬೇಕಾದ ಆಯ್ಕೆ ಮೊದಲೇ ಇದೆ. ಇಪ್ಪತ್ತು ನಿಮಿಷದ ಕೆಲಸ. ಆ ಇಪ್ಪತ್ತು ನಿಮಿಷಕ್ಕೆ ಮೂರು ಸಂಜೆ ಅಂಗಳದಲ್ಲಿ ಕೂರಬೇಕಾಯಿತು. ನೋ-ಕೋಡ್ ಡೆವಲಪರಿಗೆ ಕೊಡುವ ದುಡ್ಡು ಯಾವುದಕ್ಕೆಂದು ಯಾರಾದರೂ ಕೇಳಿದರೆ ನಾನು ಆ ಮೂರು ಸಂಜೆಗಳನ್ನೇ ತೋರಿಸುತ್ತೇನೆ.

ಹೆಸರಿನ ಪಟ್ಟಿಯದು ಇನ್ನೊಂದು ಕತೆ. ಹಿಂದೆ ಯಾರೋ ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಟೈಪು ಮಾಡಿಸಿಟ್ಟ ಫೈಲಿತ್ತು. ಶೀಟಿಗೆ ತಂದು ಸುರಿದರೆ ಕನ್ನಡದ ಒಂದಕ್ಷರವೂ ಇಲ್ಲ, ಬರೀ ವಕ್ರವಕ್ರ ರೋಮನ್ ಅಕ್ಷರ. 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಹೊಡೆದದ್ದು, ಯೂನಿಕೋಡ್ ಅಲ್ಲ. ಪರಿವರ್ತಕಕ್ಕೆ ಹಾಕಿ ತೆಗೆದರೂ ಕೆಲವು ಒತ್ತಕ್ಷರ ಎಡವಟ್ಟಾಗಿದ್ದವು. ದೊಡ್ಡಮ್ಮ ಒಂದೊಂದೇ ಹೆಸರು ಓದಿ ತಿದ್ದಿಸಿದರು. ಅದೇ ಪಟ್ಟಿಯಲ್ಲಿ ಎಲ್ಲರ ಆಧಾರ್ ನಂಬರೂ ಇತ್ತು. ಹುಡುಗಿ ಕೇಳಿದಳು, "ಕೂಲಿ ಕೊಡೋಕೆ ಇದು ಎಂತಕೆ ಗೌಡ್ರೇ?" ದೊಡ್ಡಪ್ಪನಿಗೂ ಉತ್ತರ ತಿಳಿಯಲಿಲ್ಲ. ಆ ಕಾಲಮ್ಮು ಅಳಿಸಿಹೋಯಿತು. ಮೊದಲಿನವನ ಶೀಟು, ಕೊಂಡಿ ಸಿಕ್ಕಿದ ಯಾರು ಬೇಕಾದರೂ ತೆರೆಯುವಂತೆ ಇತ್ತೆಂದು ಅವಳೇ ತೋರಿಸಿದಾಗ ನನಗೆ ಮೈ ಜುಮ್ಮೆಂದಿತು.

ಅಂಗಳದಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಲಸಿನ ಮರದ ಬುಡಕ್ಕೆ ಹೋದರೆ ಎರಡು ಕಡ್ಡಿ ಬರುತ್ತದೆ. ಆ್ಯಪ್‌ಶೀಟು ಸಿಗ್ನಲ್ ಇಲ್ಲದಾಗ ಬರೆದದ್ದನ್ನು ಫೋನಿನಲ್ಲೇ ಇಟ್ಟುಕೊಂಡು ಸಿಗ್ನಲ್ ಸಿಕ್ಕಾಗ ಕಳಿಸುತ್ತದೆ, ಸರಿ. ಆದರೆ ದೊಡ್ಡಮ್ಮನ ಫೋನು, ಕೆಲಸದ ಹುಡುಗನ ಫೋನು ಎರಡೂ ಒಂದೇ ಸಾಲನ್ನು ತಿದ್ದಿದ್ದರೆ ಕೊನೆಗೆ ಬಂದದ್ದು ಮೊದಲಿನದನ್ನು ಅಳಿಸಿ ಕೂರುತ್ತದೆ. ಅದಕ್ಕೆ ಅವಳು ಒಟ್ಟು ಮೊತ್ತವನ್ನು ಎಲ್ಲೂ ಬರೆಸಲೇ ಇಲ್ಲ. ಒಂದು ಡಬ್ಬ ಅಳೆದರೆ ಒಂದು ಹೊಸ ಸಾಲು. ಅರ್ಧ ಅಳೆದರೆ ಇನ್ನೊಂದು. ಕೂಡುವುದು ಆಮೇಲೆ. "ಹಂಗಾದ್ರೆ ನಮ್ ಪುಸ್ತಕದ ಹಂಗೇ ಆಯ್ತಲ್ಲ" ಎಂದರು ದೊಡ್ಡಮ್ಮ. ಹೌದು, ಅವರು ಮೂವತ್ತು ವರ್ಷದಿಂದ ಹಿಂದಿನ ಅಂಕಿಯನ್ನು ಹೊಡೆದುಹಾಕಿ ಬರೆದವರಲ್ಲ.

ದೊಡ್ಡಪ್ಪನ ಆಸೆಗಳಿಗೆ ಕೊನೆಯಿರಲಿಲ್ಲ. ಮಾರುಕಟ್ಟೆ ಧಾರಣೆ ತಾನಾಗಿ ಬಂದು ಕೂರಬೇಕು, ತಕ್ಕಡಿಯ ತೂಕ ನೇರ ಫೋನಿಗೆ ಇಳಿಯಬೇಕು. ತಕ್ಕಡಿಯ ಕೆಲಸಕ್ಕೆ ಕೋಡ್ ಬರೆಯುವವರೇ ಬೇಕು, ತನ್ನ ಕೈಲಾಗದು ಎಂದು ಹುಡುಗಿ ನೇರವಾಗಿ ಹೇಳಿದಳು. ಅವಳ ಮೇಲೆ ನನ್ನ ನಂಬಿಕೆ ಗಟ್ಟಿಯಾದದ್ದು ಆ ಗಳಿಗೆಯಲ್ಲಿ. ಎಲ್ಲದಕ್ಕೂ ಆಗುತ್ತದೆ ಅನ್ನುವವರನ್ನು ನಾವು ಆಗಲೇ ಒಮ್ಮೆ ಕಂಡಿದ್ದೆವು. ತೋಟದವರ ಲೆಕ್ಕ ಮಾತ್ರ ಸುಲಿಗೆಯದು ಮುಗಿದ ಮೇಲೆ ಸೇರಿತು. ಕ್ವಿಂಟಾಲಿಗೆ ಇಷ್ಟು ಕೆ.ಜಿ. ಎಂಬ ಮಾತನ್ನು ಎಲ್ಲರಿಗೂ ಒಂದೇ ಅಂಕಿಯಾಗಿ ಬಿಗಿಯದೆ, ಪ್ರತಿ ತೋಟದ ಸಾಲಿನಲ್ಲೇ ಇಟ್ಟಳು.

ಕರಾರು ಒಂದು ಹಾಳೆಯದು, ಕನ್ನಡದಲ್ಲಿ ಬರೆದದ್ದು. ಏನು ಮಾಡುವುದು, ಯಾವಾಗ ಮುಗಿಸುವುದು, ದುಡ್ಡು ಮೂರು ಕಂತಿನಲ್ಲಿ, ಕೊನೆಯ ಕಂತು ಜಾತ್ರೆ ಲೆಕ್ಕ ತಾಳೆಯಾದ ಮೇಲೆ. ಆಮೇಲಿನ ತಿದ್ದುಪಡಿಗೆ ದಿನದ ಲೆಕ್ಕ. ಖಾತೆ ದೊಡ್ಡಮ್ಮನ ಹೆಸರಲ್ಲಿ ಮೊದಲೇ ತೆರೆದು, ಅದರೊಳಗೇ ಆ್ಯಪ್ ಕಟ್ಟಿಸಿದೆವು. ಅವಳಿಗೆ ತಿದ್ದುವ ಅಧಿಕಾರ ಮಾತ್ರ. ಈ ಬಗೆಯ ಆ್ಯಪನ್ನು ಕೋಡಾಗಿ ಬಿಚ್ಚಿಕೊಂಡು ಬೇರೆ ಕಡೆ ಒಯ್ಯಲಾಗುವುದಿಲ್ಲ, ಬಳಸುವವರ ತಲೆಯೆಣಿಸಿ ತಿಂಗಳ ಬಾಡಿಗೆಯೂ ಉಂಟು, ಕಂಪನಿ ಬಾಡಿಗೆ ಏರಿಸಿದರೆ ಕಟ್ಟಬೇಕು. ಇವನ್ನೆಲ್ಲ ಅವಳೇ ಮೊದಲು ಬಾಯಿಬಿಟ್ಟು ಹೇಳಿದಳು. ಶೀಟು ಮಾತ್ರ ನಮ್ಮದು. ಆ್ಯಪ್ ಹೋದರೂ ಸಾಲುಗಳು ಉಳಿಯುತ್ತವೆ.

ಕೊನೆಯ ದಿನ ಬೆಳಿಗ್ಗೆ ಅವಳು ಕುರ್ಚಿ ಬಿಟ್ಟೆದ್ದು ದೊಡ್ಡಮ್ಮನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿದಳು. "ಮುಂಗಡ ತಗೊಂಡವ್ರ ಲೆಕ್ಕ ಬೇಕು ಅಂದ್ರಲ್ಲ, ನೀವೇ ಹಾಕಿ." ದೊಡ್ಡಮ್ಮ ಕನ್ನಡಕ ಏರಿಸಿದರು. ಶೀಟಿನಲ್ಲಿ ಹೊಸ ಕಾಲಮ್ಮು, ತಲೆಯಲ್ಲಿ 'ಮುಂಗಡ' ಎಂದು ಟೈಪಾಯಿತು, ಮ ಅಕ್ಷರ ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಆ್ಯಪಿನ ಕಡೆ ಹೋಗಿ ಕಾಲಮ್ಮುಗಳನ್ನು ಮತ್ತೆ ಓದಿಸಿ, ಉಳಿಸುವ ಗುಂಡಿ. ಜಗುಲಿಯ ಮೇಲಿದ್ದ ಫೋನಿನಲ್ಲಿ 'ಮುಂಗಡ' ಮೂಡಿತು. ದೊಡ್ಡಮ್ಮ ಫೋನೆತ್ತಿ ನೋಡಿದರು, ಕೆಳಗಿಟ್ಟರು, ಮತ್ತೆ ಎತ್ತಿ ನೋಡಿದರು.

ಎಳ್ಳಮಾವಾಸ್ಯೆ ಜಾತ್ರೆಗೆ ಮೂರು ದಿನ ಮುಂಚೆ ನಮ್ಮಲ್ಲಿ ಸುಲಿಗೆಯ ಲೆಕ್ಕ. ತುಂಗೆಯ ದಡದ ರಾಮೇಶ್ವರನ ತೇರಿಗೆ ಕೈಯಲ್ಲಿ ಕಾಸಿಲ್ಲದೆ ಯಾರೂ ಹೋಗಬಾರದು ಎಂಬುದು ಅಜ್ಜನ ಕಾಲದಿಂದ ಬಂದ ಕ್ರಮ. ಅಲ್ಲಿಯ ತನಕ ಪುಸ್ತಕ, ಫೋನು ಎರಡೂ ಜೊತೆಯಲ್ಲಿ ನಡೆದಿದ್ದವು. ಅವತ್ತು ನಾನು ಫೋನಿನ ಮೊತ್ತ ಓದುವುದು, ದೊಡ್ಡಮ್ಮ ಪುಸ್ತಕ ಕೂಡುವುದು. ಹದಿನೇಳು ಜನರದ್ದು ತಾಳೆಯಾಯಿತು. ಒಬ್ಬಾಕೆಯದು ಅರ್ಧ ಡಬ್ಬ ಹೆಚ್ಚು ಕಮ್ಮಿ. ಫೋನಿನಲ್ಲಿ ಇದೆ, ಪುಸ್ತಕದಲ್ಲಿ ಇಲ್ಲ. ಆ ಸಾಲಿನ ತಾರೀಖು, ಹೊತ್ತು ನೋಡಿದೆ, ರಾತ್ರಿ ಹತ್ತೂವರೆ. ಕರೆಂಟು ಹೋಗಿದ್ದ ದಿನವಿರಬೇಕು ಎಂದರು ದೊಡ್ಡಮ್ಮ. ಪೆನ್ನು ತೆಗೆದು ಪುಸ್ತಕದ ಆ ಹಾಳೆಯಲ್ಲಿ ಬಿಟ್ಟುಹೋಗಿದ್ದ ಚುಕ್ಕಿಯನ್ನು ಇಟ್ಟರು.

ಹಿರಿಯಾಕೆ ನೋಟುಗಳನ್ನು ಎಣಿಸಿ ಸೊಂಟದ ಚೀಲಕ್ಕೆ ಸೇರಿಸಿ, ಫೋನಿನ ಹತ್ತಿರ ಮುಖ ತಂದರು.

"ನಂದು ಎಷ್ಟು ಚುಕ್ಕಿ ಇತ್ತು, ತೋರ್ಸಿ ಕಾಣುವ."

ದೊಡ್ಡಮ್ಮ ಅವರ ಫೋಟೊ ಒತ್ತಿದರು. ಪರದೆಯ ತುಂಬ ಕಪ್ಪು ಚುಕ್ಕಿಗಳು, ಒಂದರ ಕೆಳಗೊಂದು, ಪಕ್ಕದಲ್ಲಿ ಕನ್ನಡದಲ್ಲಿ ವಾರ. ಕರೆ ಹತ್ತಿದ ಬೆರಳನ್ನು ಗಾಜಿಗೆ ತಾಗಿಸದೆ, ಒಂದು ಎಳೆ ದೂರದಲ್ಲೇ ಹಿಡಿದು, ಆಕೆ ಮೇಲಿನಿಂದ ಎಣಿಸತೊಡಗಿದರು.